ಲ್ಯಾಪ್‌ಟಾಪಿನಲ್ಲಿ ಗಿಟಾರ್ ಲೂಪಿಂಗ್: ಯಾವ ಸಾಫ್ಟ್‌ವೇರ್, ಯಾವ ಇಂಟರ್‌ಫೇಸ್?

ಬಕುಳ_ಶಿರಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಿಟಾರ್ ಅಕೌಸ್ಟಿಕ್. ಬ್ರಿಜ್ ಕೆಳಗೆ ಪೀಜೋ ಪಿಕಪ್, 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ ಒಳಗೇ ಇದೆ. ಲ್ಯಾಪ್‌ಟಾಪ್ ವಿಂಡೋಸ್ 11, ಐ5, 8 ಜಿಬಿ ರ್‍ಯಾಮ್. ಮಾಡಬೇಕೆಂದಿರುವುದು ಇಷ್ಟು: ಮೊದಲು ತಂಬೂರಿ ಥರ ಶ್ರುತಿಯ ಲೂಪ್ (ಒಮ್ಮೆ ನುಡಿಸಿದ್ದು ತಾನಾಗಿ ಮತ್ತೆ ಮತ್ತೆ ಕೇಳುವುದು), ಅದರ ಮೇಲೆ ಗಿಟಾರಿನ ಮೈ ತಟ್ಟಿ ಹಿಂದುಸ್ತಾನಿಯ ಕೆಹರವಾ ಅಥವಾ ರೂಪಕ ತಾಳದ ಠೇಕಾ (ಪೆಟ್ಟುಗಳ ಸಾಲು), ಅದರ ಮೇಲೆ ಸ್ವರ. ಊರ ಸಣ್ಣ ಕಾರ್ಯಕ್ರಮಗಳಲ್ಲಿ ಒಬ್ಬರೇ ಕೂತು ನುಡಿಸುವಂತಿರಬೇಕು.

ಸದ್ಯ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಅಡಾಪ್ಟರ್ ಹಾಕಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿದರೆ ಮೂರು ತಕರಾರು. ಎರಡನೇ ಲೇಯರ್ (ಮೊದಲಿನದರ ಮೇಲೆ ನುಡಿಸಿದ ಪದರ) ಲಯದಲ್ಲಿ ಹಿಂದೆ ಬೀಳುತ್ತದೆ. ಜೋರಾಗಿ ಮೀಟಿದರೆ ದನಿ ಒಡೆಯುತ್ತದೆ. ಶ್ರುತಿಯ ತಂತಿ ಮೀಟಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ನಾದ ತಾನಾಗಿಯೇ ಕರಗಿಹೋಗುತ್ತದೆ, ತಂತಿ ಮಾತ್ರ ಇನ್ನೂ ಮಿಡಿಯುತ್ತಲೇ ಇರುತ್ತದೆ. ಬಜೆಟ್ ಹದಿನೈದು ಸಾವಿರದ ಆಸುಪಾಸು. ಹುಬ್ಬಳ್ಳಿಗೆ ಹೋಗಿಯೇ ತರಬೇಕು, ಹಾಗಾಗಿ ಒಂದೇ ಸಲಕ್ಕೆ ಸರಿಯಾದದ್ದು ತಿಳಿದುಕೊಂಡು ಹೊರಡೋಣ ಅಂತ.

ಕಾಳೀತೀರ (ಕಾರವಾರ):

ಕರಗುವ ಶ್ರುತಿಯಿಂದಲೇ ಶುರು ಮಾಡೋಣ, ಅದಕ್ಕೆ ದುಡ್ಡು ಬೇಕಿಲ್ಲ. ಮೈಕ್ ತೂತಿನ ಹಿಂದೆ ಕೂತಿರುವ ಡ್ರೈವರ್ ಮಾತನ್ನು ಉಳಿಸಿ ಫ್ಯಾನಿನ ಸದ್ದು ಕಳೆಯುವಂತೆ ಮಾಡಿದ್ದು. ಒಂದೇ ಎತ್ತರದಲ್ಲಿ ಬಿಡದೆ ಬರುವ ನಾದ ಅದರ ಲೆಕ್ಕಕ್ಕೆ ಫ್ಯಾನಿನ ಸದ್ದೇ. ಸೌಂಡ್ ಸೆಟ್ಟಿಂಗಿನಲ್ಲಿ ಮೈಕಿನ ಆಡಿಯೋ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿ, ನಾದ ನಿಲ್ಲುತ್ತದೆ. ಒಡೆಯುವುದಕ್ಕೆ ಕಾರಣ ಬೇರೆ. ನಿಮ್ಮ ಪ್ರೀಆಂಪ್ ಕೊಡುವ ಸಿಗ್ನಲ್ ಮೈಕ್ ತೂತಿನ ತಾಕತ್ತಿಗೆ ಹೆಚ್ಚು. ವಾಲ್ಯೂಮ್ ಇಳಿಸಿದರೆ ಒಡೆಯುವುದು ನಿಲ್ಲಬಹುದು, ಆದರೆ ಸ್‌ಸ್ ಎನ್ನುವ ನಾಯ್ಸ್ ಮೇಲೆ ಬರುತ್ತದೆ. ಅಲ್ಲಿಗೆ ಮೈಕ್ ತೂತಿನ ಕಥೆ ಮುಗಿಯಿತು.

ಇಂಟರ್‌ಫೇಸ್ (ಗಿಟಾರಿನ ಸದ್ದನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ಬೇಕೇ ಬೇಕು. ಆರಿಸುವಾಗ 192 ಕಿಲೋಹರ್ಟ್ಜ್, ಎರಡು ಮೈಕ್ ಇತ್ಯಾದಿ ನೋಡುತ್ತ ಕೂರಬೇಡಿ. ಕೇಳಬೇಕಾದ ಪ್ರಶ್ನೆ ಒಂದು: ವಿಂಡೋಸಿಗೆ ಕಂಪನಿಯದೇ ಏಸಿಯೋ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ಡ್ರೈವರ್) ಇದೆಯೋ ಇಲ್ಲವೋ? ಬೆಹ್ರಿಂಗರ್ ಯುಎಂ2, ಯುಎಂಸಿ22 ಅಗ್ಗ, ದನಿಯೂ ಪರವಾಗಿಲ್ಲ. ಆದರೆ ಅವಕ್ಕೆ ಏಸಿಯೋ ಫೋರ್ ಆಲ್ ಎಂಬ ಸಾಮಾನ್ಯ ಡ್ರೈವರೇ ಗತಿ. ಲೂಪಿಂಗಿಗೆ ಆ ದಾರಿ ಬೇಡ. ಅದೇ ಕಂಪನಿಯ ಯುಎಂಸಿ202ಎಚ್‌ಡಿಗೆ ಸ್ವಂತ ಡ್ರೈವರ್ ಇದೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋಗೂ ಇದೆ, ಜೊತೆಗೆ ರಿಜಿಸ್ಟರ್ ಮಾಡಿದರೆ ಏಬಲ್‌ಟನ್ ಲೈವ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ ಸಣ್ಣ ಆವೃತ್ತಿ ಲೈವ್ ಲೈಟ್ ಪುಕ್ಕಟೆ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಆ ಕೋಡನ್ನು ಹಳೆಯ ಮಾಲೀಕರು ಆಗಲೇ ಬಳಸಿಬಿಟ್ಟಿರಬಹುದು, ಕೇಳಿಕೊಂಡು ಕೊಳ್ಳಿ.

ಗಿಟಾರ್ ಜ್ಯಾಕನ್ನು 6.3 ಮಿಮೀ ತೂತಿಗೆ ಹಾಕಿ ಇನ್‌ಸ್ಟ್ ಬಟನ್ ಒತ್ತಿ. 48 ವೋಲ್ಟ್ ಮೈಕಿಗೆ ಮಾತ್ರ, ಆಫ್ ಇರಲಿ. ನಿಮ್ಮ ಅತಿ ಜೋರಿನ ತಟ್ಟು ಸಾಫ್ಟ್‌ವೇರ್ ಮೀಟರಿನಲ್ಲಿ ಮೈನಸ್ 12 ಡಿಬಿ ದಾಟದಂತೆ ಗೇನ್ ಇಡಿ. ಸ್ವರಕ್ಕಿಂತ ಮೈ ತಟ್ಟುವುದೇ ಮೀಟರ್ ಏರಿಸುತ್ತದೆ, ಹಾಗಾಗಿ ತಟ್ಟಿಯೇ ಅಳೆಯಿರಿ. ಲೇಯರ್ ಏರಿದಂತೆ ಮೊತ್ತವೂ ಏರುತ್ತದೆ. ಬೇರೆ ಬೇರೆ ನುಡಿಸಿದ ನಾಲ್ಕು ಲೇಯರ್ ಕೂಡಿದರೆ ಸರಾಸರಿ 6 ಡಿಬಿ ಹೆಚ್ಚು. ಎಲ್ಲದರ ಪೆಟ್ಟೂ ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಒಟ್ಟಿಗೆ ಬಿದ್ದರೆ ಆ ಕ್ಷಣಕ್ಕೆ 12 ಡಿಬಿವರೆಗೂ ಹೋಗಬಹುದು. ಮಾಸ್ಟರ್ ಟ್ರ್ಯಾಕಿನ ಕೊನೆಗೆ ಒಂದು ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವುದು) ಹಾಕಿ, ಅದರ ಸೀಲಿಂಗ್ ಮೈನಸ್ 1 ಡಿಬಿ.

ಈಗ ಹಿಂದೆ ಬೀಳುವ ಲೇಯರ್. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡು) ಎಂದರೆ 2.7 ಮಿಲಿಸೆಕೆಂಡ್. ಒಳಗೆ ಬರಲು ಅಷ್ಟು, ಹೊರಗೆ ಹೋಗಲು ಅಷ್ಟು, ಜೊತೆಗೆ ಯುಎಸ್‌ಬಿ ಮತ್ತು ಕನ್ವರ್ಟರಿನ ಪಾಲು. ಒಟ್ಟು ಸುಮಾರು 10. ನುಡಿಸುವ ಕೈಗೆ ಇದು ತೊಂದರೆಯಲ್ಲ. ಆಂಪ್‌ನಿಂದ ಮೂರು ಮೀಟರ್ ದೂರ ಕೂತರೂ ಅಷ್ಟೇ ತಡ ಇರುತ್ತದೆ. ತೊಂದರೆ ಬರುವುದು ಆ 10 ಮಿಲಿಸೆಕೆಂಡನ್ನು ಸಾಫ್ಟ್‌ವೇರ್ ಕಳೆಯದೆ ರೆಕಾರ್ಡಿನಲ್ಲೇ ಉಳಿಸಿದಾಗ. ಎರಡನೇ ಲೇಯರಿಗೆ 10 ತಡ. ಅದನ್ನೇ ಕೇಳಿ ನುಡಿಸಿದ ಮೂರನೆಯದಕ್ಕೆ 20. ಐದನೆಯದಕ್ಕೆ ಬರುವಷ್ಟರಲ್ಲಿ ಲಯ ಕುಂಟುತ್ತದೆ, ತಪ್ಪು ನಿಮ್ಮ ಕೈಯದೆಂದು ನೀವು ಅಂದುಕೊಳ್ಳುತ್ತೀರಿ.

ಇದನ್ನು ಅಳೆಯುವುದು ಸುಲಭ. ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ. ಇಂಟರ್‌ಫೇಸಿನ ಔಟ್‌ಪುಟ್ 1 ರಿಂದ ಇನ್‌ಪುಟ್ಟಿಗೆ ಗಿಟಾರ್ ಕೇಬಲ್ ಹಾಕಿ. ಇನ್‌ಸ್ಟ್ ಮತ್ತು ಡೈರೆಕ್ಟ್ ಮಾನಿಟರ್ (ಒಳಬಂದ ಸದ್ದನ್ನು ಲ್ಯಾಪ್‌ಟಾಪಿಗೆ ಹೋಗದೆ ನೇರ ಕೇಳಿಸುವ ಬಟನ್) ಎರಡೂ ಆಫ್. ಡೈರೆಕ್ಟ್ ಮಾನಿಟರ್ ಮರೆತರೆ ಸಿಗ್ನಲ್ ತನ್ನನ್ನೇ ಸುತ್ತಿ ಕಿರುಚುತ್ತದೆ. ಒಂದು ಟ್ರ್ಯಾಕಿನಲ್ಲಿ ಟಿಕ್ ಟಿಕ್ ಆಡಿಯೋ ಇಟ್ಟು, ಇನ್ನೊಂದರಲ್ಲಿ ಅದನ್ನೇ ರೆಕಾರ್ಡ್ ಮಾಡಿ, ಝೂಮ್ ಮಾಡಿ ಎರಡರ ಅಂತರ ನೋಡಿ. ಲೈವ್‌ನಲ್ಲಿ ಆಡಿಯೋ ಸೆಟ್ಟಿಂಗಿನ ಡ್ರೈವರ್ ಎರರ್ ಕಾಂಪೆನ್ಸೇಶನ್ ಎಂಬಲ್ಲಿ ಆ ಮಿಲಿಸೆಕೆಂಡ್ ತುಂಬಿ ಮತ್ತೆ ಅಳೆಯಿರಿ. ಅಂತರ ಇಮ್ಮಡಿಯಾಗಿದ್ದರೆ ಪ್ಲಸ್ ಮೈನಸ್ ಅದಲುಬದಲು ಮಾಡಿ. ಬಫರ್ ಬದಲಿಸಿದರೆ ಇದನ್ನೂ ಪುನಃ ನೋಡಬೇಕು.

ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದರ ತಡ ನೂರರ ಲೆಕ್ಕದಲ್ಲಿ.

ಲಯಗಾರ_ಕುಮಟಾ:

ಹಾರ್ಡ್‌ವೇರ್ ಬಗ್ಗೆ ಮೇಲಿನವರು ಹೇಳಿದ್ದೇ ಸರಿ. ಸಾಫ್ಟ್‌ವೇರ್ ವಿಷಯ ನಾನು ಹೇಳುತ್ತೇನೆ.

ಆಡಾಸಿಟಿ ರೆಕಾರ್ಡ್ ಮಾಡಿ ಕತ್ತರಿಸುವುದಕ್ಕೆ ಒಳ್ಳೆಯದು. ನುಡಿಸುತ್ತಲೇ ಲೂಪ್ ಕಟ್ಟುವುದಕ್ಕೆ ಅದು ಹುಟ್ಟಿಯೇ ಇಲ್ಲ. ಲೂಪಿಂಗಿಗೆ ಎರಡು ಜಾತಿಯ ಸಾಫ್ಟ್‌ವೇರ್ ಇವೆ. ಒಂದು, ಪೆಡಲಿನಂತೆ ಒಂದರ ಮೇಲೊಂದು ಪೇರಿಸುತ್ತ ಹೋಗುವುದು: ಮೊಬಿಯಸ್, ಸೂಪರ್‌ಲೂಪರ್. ಇನ್ನೊಂದು, ಪ್ರತಿ ಲೇಯರನ್ನೂ ಬೇರೆ ಕ್ಲಿಪ್ಪಾಗಿ ಇಡುವುದು: ಏಬಲ್‌ಟನ್ ಲೈವ್‌ನ ಸೆಷನ್ ವ್ಯೂ. ನಿಮಗೆ ಎರಡನೆಯದೇ ಹೊಂದುತ್ತದೆ. ಶ್ರುತಿ ಕೊನೆಯವರೆಗೂ ಇರಬೇಕು, ಠೇಕಾ ನಡುವೆ ನಿಲ್ಲಬೇಕು, ಸ್ವರ ಬದಲಾಗುತ್ತಿರಬೇಕು. ಎಲ್ಲ ಒಂದಾಗಿ ಬೆರೆತ ಮೇಲೆ ಠೇಕಾ ಒಂದನ್ನೇ ಹೊರತೆಗೆಯಲು ಬರುವುದಿಲ್ಲ. ಲೈವ್ ಲೈಟ್‌ನಲ್ಲಿ 8 ಟ್ರ್ಯಾಕ್, ಒಬ್ಬರಿಗೆ ಧಾರಾಳ.

ಟ್ರ್ಯಾಕಿನ ಮಾನಿಟರ್ ಆಫ್ ಇಟ್ಟು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆನ್ ಮಾಡಿ. ಆಗ ಕೈಯ ಸದ್ದು ತಡವಿಲ್ಲದೆ ಕೇಳುತ್ತದೆ, ರೆಕಾರ್ಡ್ ಆದದ್ದನ್ನು ಲೈವ್ ಹಿಂದಕ್ಕೆ ಸರಿಸಿ ಜಾಗಕ್ಕೆ ಕೂರಿಸುತ್ತದೆ. ನಷ್ಟ ಒಂದೇ, ನುಡಿಸುತ್ತಿರುವ ಸದ್ದಿಗೆ ಲೈವ್‌ನ ರಿವರ್ಬ್ ಸಿಗುವುದಿಲ್ಲ. ಅದನ್ನು ಸಭೆಯ ಮಿಕ್ಸರಿನಲ್ಲಿ ಕೊಡಿಸಿಕೊಳ್ಳಿ. ಮೊಬಿಯಸ್, ಸೂಪರ್‌ಲೂಪರ್ ಬಳಸುವವರಿಗೆ ಒಂದು ಮಾತು: ಅವು ತಡ ಕಳೆಯಬೇಕಾದರೆ ಅವುಗಳ ಒಳಗಿನ ಇನ್‌ಪುಟ್, ಔಟ್‌ಪುಟ್ ಲೇಟೆನ್ಸಿ (ತಡ) ಅಂಕಿಗಳು ಸರಿಯಿರಬೇಕು.

ತಾಳ ಹೀಗೆ. ರೂಪಕ 7 ಮಾತ್ರೆ, ಅದಕ್ಕೆ ಲೈವ್‌ನ ಮೇಲ್ಪಟ್ಟಿಯ ಟೈಮ್ ಸಿಗ್ನೇಚರ್ 7/4 ಮಾಡಿ, ಕ್ವಾಂಟೈಸೇಶನ್ (ಒತ್ತಿದ್ದನ್ನು ತಾಳದ ಗೆರೆಗೆ ಕೂರಿಸುವುದು) 1 ಬಾರ್. ಟೆಂಪೋ 84 ಇಟ್ಟರೆ ಒಂದು ಆವರ್ತನ ಸರಿಯಾಗಿ 5 ಸೆಕೆಂಡ್. ಆವರ್ತನದ ನಡುವೆ ಎಲ್ಲೇ ಪೆಡಲ್ ಒತ್ತಿದರೂ ರೆಕಾರ್ಡ್ ಶುರುವಾಗುವುದು ಮುಂದಿನ ಸಮ್‌ಗೆ. ಮುಗಿಸುವಾಗಲೂ ಹಾಗೇ, ಸಮ್ ಬರುವ ಮೊದಲೇ ಒತ್ತಿರಬೇಕು. ಕೂದಲೆಳೆ ತಡವಾದರೂ ಇನ್ನೊಂದು ಆವರ್ತನ ಸೇರಿಕೊಳ್ಳುತ್ತದೆ. ಆರನೇ ಮಾತ್ರೆಯಲ್ಲಿ ಒತ್ತುವ ರೂಢಿ ಮಾಡಿಕೊಳ್ಳಿ. ರೂಪಕದ ಸಮ್ ಖಾಲಿಯ (ಪೆಟ್ಟಿಲ್ಲದ ಜಾಗ) ಮೇಲೆ, ಆದರೆ ಮೆಟ್ರೊನೋಮ್ ಅಲ್ಲೇ ಜೋರಾಗಿ ಟಿಕ್ ಎನ್ನುತ್ತದೆ. ಮೊದಮೊದಲು ಕಿವಿಗೆ ಕಿರಿಕಿರಿ, ಆಮೇಲೆ ಒಗ್ಗುತ್ತದೆ. ಕೆಹರವಾ 8 ಮಾತ್ರೆ, 4/4 ರಲ್ಲಿ 2 ಬಾರ್. ಕ್ವಾಂಟೈಸೇಶನನ್ನೂ 2 ಬಾರ್ ಮಾಡದಿದ್ದರೆ ಅರ್ಧ ಆವರ್ತನಕ್ಕೇ ಲೂಪ್ ಮುಚ್ಚಿಕೊಳ್ಳುವ ಅಪಾಯ ಇದೆ.

ಶ್ರುತಿಯ ಲೂಪಿಗೆ ಬೇರೆ ಉಪಾಯ ಬೇಕು. ಒಂದೇ ಆವರ್ತನ ರೆಕಾರ್ಡ್ ಮಾಡಿದರೆ ಪ್ರತಿ ಸಮ್‌ಗೂ ನಾದ ಬಿಕ್ಕಳಿಸುತ್ತದೆ, ಏಕೆಂದರೆ ಕೊನೆಯ ಮೀಟಿನ ಬಾಲ ಅಲ್ಲಿ ಕತ್ತರಿಸಿಹೋಗಿರುತ್ತದೆ. ಎರಡು ಸುತ್ತು ರೆಕಾರ್ಡ್ ಮಾಡಿ, ಕ್ಲಿಪ್ಪಿನ ಸ್ಟಾರ್ಟ್ ಮತ್ತು ಲೂಪ್ ಪಟ್ಟಿ ಎರಡನ್ನೂ ಎರಡನೇ ಸುತ್ತಿಗೆ ಎಳೆಯಿರಿ. ಮೊದಲ ಸುತ್ತಿನ ಬಾಲ ಎರಡನೆಯದರ ತಲೆಯಲ್ಲಿ ಆಗಲೇ ಸೇರಿರುವುದರಿಂದ ಬೆಸುಗೆ ಕೇಳುವುದಿಲ್ಲ. ಸಭೆಯಲ್ಲಿ ಇದನ್ನು ಮಾಡಲು ಪುರುಸೊತ್ತಿರುವುದಿಲ್ಲ, ಮನೆಯಲ್ಲೇ ತಯಾರಿಸಿಟ್ಟುಕೊಳ್ಳಿ. ನಡುವೆ ಟೆಂಪೋ ಬದಲಿಸುವುದಿದ್ದರೆ ಆ ಕ್ಲಿಪ್ಪಿನ ವಾರ್ಪ್ (ಟೆಂಪೋಗೆ ತಕ್ಕಂತೆ ಸದ್ದನ್ನು ಹಿಗ್ಗಿಸುವ ಸೆಟ್ಟಿಂಗ್) ಬೀಟ್ಸ್ ಬದಲು ಟೋನ್ಸ್ ಇರಲಿ. ಬೀಟ್ಸ್‌ನಲ್ಲಿ ನಾದ ಪುಡಿಪುಡಿಯಾಗುತ್ತದೆ.

ಕಾಲಿಗೆ ಮಿಡಿ ಪೆಡಲ್ (ಸಾಫ್ಟ್‌ವೇರಿಗೆ ಆಜ್ಞೆ ಕಳಿಸುವ ಪೆಡಲ್) ಬೇಕು. ನಾಲ್ಕು ಬಟನ್ನಿನ ಎಂ-ವೇವ್ ಚಾಕೊಲೇಟ್ ಸಾಕು. ಬೆಹ್ರಿಂಗರ್ ಎಫ್‌ಸಿಬಿ1010 ರಲ್ಲಿ ಹತ್ತು ಬಟನ್ ಪ್ಲಸ್ ಎರಡು ಎಕ್ಸ್‌ಪ್ರೆಶನ್ ಪೆಡಲ್, ಆದರೆ ಹೊರಲು ಆಳು ಬೇಕು. ಕಂಟ್ರೋಲ್ ಎಂ ಒತ್ತಿ, ಕ್ಲಿಪ್ ಜಾಗ ಕ್ಲಿಕ್ ಮಾಡಿ, ಪೆಡಲ್ ತುಳಿಯಿರಿ, ಮ್ಯಾಪ್ ಆಯಿತು. ಬಳಸುವ ಟ್ರ್ಯಾಕುಗಳ ಆರ್ಮ್ ಬಟನ್ನನ್ನು ಕಂಟ್ರೋಲ್ ಹಿಡಿದು ಕ್ಲಿಕ್ಕಿಸಿ, ಎಲ್ಲವನ್ನೂ ಒಟ್ಟಿಗೆ ರೆಕಾರ್ಡಿಗೆ ಸಜ್ಜು ಮಾಡಿ. ಎರಡು ಸಲ ತುಳಿದರೆ ಮಾತ್ರ ಕೆಲಸ ಮಾಡುತ್ತಿದೆ ಎಂದಾದರೆ ಪೆಡಲ್ ಟಾಗಲ್ ಮೋಡಿನಲ್ಲಿದೆ (ಒಂದು ತುಳಿತಕ್ಕೆ ಆನ್, ಮುಂದಿನದಕ್ಕೆ ಆಫ್) ಎಂದರ್ಥ, ಮೊಮೆಂಟರಿಗೆ (ತುಳಿದಾಗ ಆನ್, ಬಿಟ್ಟಾಗ ಆಫ್) ಬದಲಿಸಿ. ಕೀಬೋರ್ಡಿನ ಅಕ್ಷರ ಕಳಿಸುವ ಅಗ್ಗದ ಯುಎಸ್‌ಬಿ ಪೆಡಲೂ ನಡೆಯುತ್ತದೆ, ಅದಕ್ಕೆ ಕಂಟ್ರೋಲ್ ಕೆ. ಆದರೆ ಬೇರೆ ವಿಂಡೋ ಎದುರಿಗೆ ಬಂತೋ, ಪೆಡಲ್ ಸತ್ತಂತೆ.

ಶರಾವತಿ_ಹೊನ್ನಾವರ:

ಇಷ್ಟೆಲ್ಲ ಯಾಕೆ ಮಾರಾಯ್ರೆ? ಬಾಸ್ ಆರ್‌ಸಿ-1 ಥರದ ಲೂಪರ್ ಪೆಡಲ್ ತಗೊಳ್ಳಿ. 12 ನಿಮಿಷ ಸ್ಟೀರಿಯೋ ರೆಕಾರ್ಡ್, ಒಂದೇ ಬಟನ್, ಡ್ರೈವರ್ ಇಲ್ಲ, ಅಪ್ಡೇಟ್ ಇಲ್ಲ. ವೇದಿಕೆಯ ಮೇಲೆ ವಿಂಡೋಸ್ ರಿಸ್ಟಾರ್ಟ್ ಕೇಳಿತು ಎಂಬ ಭಯವೂ ಇಲ್ಲ.

ಲಯಗಾರ_ಕುಮಟಾ:

ಶ್ರುತಿ ಮತ್ತು ಸ್ವರ ಮಾತ್ರ ಆಗಿದ್ದರೆ ನಿಮ್ಮ ಮಾತಿಗೆ ನನ್ನದೂ ಹೂಂ. ಠೇಕಾ ಬೇರೆ ಬೇಕು ಎನ್ನುತ್ತಿದ್ದಾರಲ್ಲ, ಒಂದೇ ಟ್ರ್ಯಾಕಿನ ಪೆಡಲಿನಲ್ಲಿ ಅದು ಆಗದು. ತಾಳಕ್ಕೆ ಕ್ವಾಂಟೈಸ್ ಕೂಡ ಇಲ್ಲ, ಸಮ್ ಪೂರ್ತಿ ನಿಮ್ಮ ಕಾಲಿನ ನಿಯತ್ತಿನ ಮೇಲೆ. ಅಪ್ಡೇಟಿನ ಭಯ ನಿಜವೇ: ಕಾರ್ಯಕ್ರಮಕ್ಕೆ ಮೊದಲು ಅಪ್ಡೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ (ಪಾಜ್), ವೈಫೈ ಆಫ್, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್. ಇಂಟರ್‌ಫೇಸ್ ನೇರ ಲ್ಯಾಪ್‌ಟಾಪಿಗೇ, ಹಬ್ ಬೇಡ. ಇಷ್ಟಾದರೂ ಪಟ್ ಪಟ್ ಎಂದರೆ ಲೇಟೆನ್ಸಿಮಾನ್ ಎಂಬ ತಪಾಸಣೆ ಸಾಫ್ಟ್‌ವೇರ್ ಓಡಿಸಿ, ಯಾವ ಡ್ರೈವರ್ ಅಡ್ಡಗಾಲು ಹಾಕುತ್ತಿದೆ ಎಂದು ಅದು ಹೆಸರು ಹಿಡಿದು ಹೇಳುತ್ತದೆ.

ಬಕುಳ_ಶಿರಸಿ:

ತುಂಬಾ ಉಪಕಾರವಾಯಿತು. ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿದೆ, ಶ್ರುತಿ ನಿಂತಿತು! ಇನ್ನೆರಡು ಪ್ರಶ್ನೆ. ಚಾರ್ಜರ್ ಹಾಕಿದರೆ ಗುಂಯ್ ಎನ್ನುತ್ತದೆ, ತಂತಿ ಮುಟ್ಟಿದರೆ ಕಮ್ಮಿಯಾಗುತ್ತದೆ. ಇಂಟರ್‌ಫೇಸ್ ಬಂದರೆ ಹೋಗುತ್ತದಾ? ಮತ್ತೆ ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆಗೇ ಬೂಸ್ಟು ಬರುತ್ತದೆ, ಇವನ್ನೆಲ್ಲ ಇಡುವುದು ಹೇಗೆ?

ಕಾಳೀತೀರ (ಕಾರವಾರ):

ಪೂರ್ತಿ ಹೋಗುವ ಖಾತ್ರಿ ಇಲ್ಲ. ಚಾರ್ಜರ್ ಕಿತ್ತರೆ ನಿಲ್ಲುವುದಾದರೆ ಅದು ಅರ್ಥಿಂಗ್ ತೊಂದರೆ. ಬ್ಯಾಟರಿಯಲ್ಲೇ ನುಡಿಸಿ. ಇಂಟರ್‌ಫೇಸಿಗೂ ಕರೆಂಟು ಯುಎಸ್‌ಬಿಯಿಂದಲೇ, ಹಾಗಾಗಿ ಲೈಟ್ ಹೋದರೂ ಲೂಪ್ ನಿಲ್ಲುವುದಿಲ್ಲ, ಸ್ಪೀಕರ್ ಮಾತ್ರ ನಿಲ್ಲುತ್ತದೆ. ಮಿಕ್ಸರಿಗೆ ಕೊಟ್ಟಾಗ ಗುಂಯ್ ಶುರುವಾದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ, ಅದು ಜೀವಕ್ಕೆ ಅಪಾಯ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಅದರ ಮೇಲೆ ಆಂಪ್ ಗುಂಯ್ ಎನ್ನುವುದು ಸಹಜ, ಅದಕ್ಕೆ ಗಿಟಾರ್ ಬಿಚ್ಚಬೇಡಿ.

ನೀವು ಕೇಳದ ಇನ್ನೊಂದು ಸಂಗತಿ. ಸ್ಪೀಕರ್ ನಿಮ್ಮ ಬೆನ್ನ ಹಿಂದಿದ್ದರೆ ಅದರ ಬೇಸ್ ಗಿಟಾರಿನ ಹಲಗೆಯನ್ನು ಅಲುಗಿಸುತ್ತದೆ, ಪೀಜೋ ಅದನ್ನೂ ಹಿಡಿಯುತ್ತದೆ. ಪರಿಣಾಮ, ಸ್ವರದ ಲೇಯರಿನಲ್ಲಿ ಶ್ರುತಿ, ಠೇಕಾ ಎರಡೂ ಮಂದವಾಗಿ ರೆಕಾರ್ಡ್ ಆಗಿರುತ್ತವೆ. ಠೇಕಾ ನಿಲ್ಲಿಸಿದರೂ ಅದರ ನೆರಳು ಉಳಿದಿರುತ್ತದೆ. ಸ್ಪೀಕರ್ ನಿಮ್ಮ ಮುಂದೆ ಜನರ ಕಡೆ ತಿರುಗಿರಲಿ, ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ ಹಾಕಿ, ಸ್ವರದ ಟ್ರ್ಯಾಕಿನಲ್ಲಿ 150 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ. ದಪ್ಪ ಇ ತಂತಿಯೇ 82 ಹರ್ಟ್ಜ್, ಹಾಗಾಗಿ ಬೇಸ್ ನುಡಿಸುವ ಟ್ರ್ಯಾಕಿಗೆ ಇದನ್ನು ಹಾಕಬೇಡಿ.

ಮಳೆಗಾಲಕ್ಕೆ: ಗಿಟಾರಿಗೆ 45ರಿಂದ 55 ಪರ್ಸೆಂಟ್ ತೇವ ಹಿತ. ಗೋಡೆಗೆ ತೂಗುಹಾಕದೆ ಗಟ್ಟಿ ಕೇಸಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಸಣ್ಣ ಹೈಗ್ರೋಮೀಟರ್ ಒಂದನ್ನು ಒಳಗೇ ಹಾಕಿಡಿ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ಮುಗಿಸಿದೆ ಎಂದರ್ಥ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಗೆ ಬಳಸದ ಬಾಣಲೆ ಇರಲಿ. ಬೆಚ್ಚಗಿರುತ್ತದೆಂದು ಅಡುಗೆಮನೆ ಅಟ್ಟದಲ್ಲಿ ಇಂಟರ್‌ಫೇಸ್ ಇಡಬೇಡಿ, ಹೊಗೆಯ ಜಿಡ್ಡು ನಾಬಿನೊಳಗೆ ಸೇರುತ್ತದೆ. ಅದಕ್ಕೆ ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬ ಸಾಕು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಜ್ಯಾಕ್ ಕಪ್ಪಗಾಗಿ ಕರಕರ ಎನ್ನುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ ಜ್ಯಾಕ್ ಒರೆಸಿ, ಒಣಗಿದ ಮೇಲೆ ಹತ್ತು ಸಲ ಹಾಕಿ ತೆಗೆಯಿರಿ.

ಹುಬ್ಬಳ್ಳಿಗೆ ಹೋಗುವಾಗ ಲ್ಯಾಪ್‌ಟಾಪ್, ಗಿಟಾರ್ ಎರಡೂ ಒಯ್ಯಿರಿ. ಡ್ರೈವರನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದುಡ್ಡು ಕೊಡುವ ಮೊದಲು 128 ಬಫರಿನಲ್ಲಿ ಹತ್ತು ನಿಮಿಷ ಓಡಿಸಿ, ಯುಎಸ್‌ಬಿ ಕೇಬಲನ್ನು ಇಂಟರ್‌ಫೇಸಿನ ಬದಿಯಲ್ಲಿ ಸ್ವಲ್ಪ ಅಲುಗಿಸಿ ನೋಡಿ. ಕನೆಕ್ಷನ್ ಬಿಟ್ಟು ಹೋದರೆ ಬೇರೆ ಪೀಸ್ ಕೇಳಿ.