ಅಡಿಕೆ ಸುಲಿಯುವವರ ಹಳೇ ಸೊಂಟನೋವು: ಬೆನ್ನಿನ ಸ್ನಾಯು ಸೋತಿದೆಯೋ, ಬಿಗಿದಿದೆಯೋ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ)

ಕೊಯ್ಲು ಶುರುವಾದರೆ ಮೆಟ್ಟುಕತ್ತಿ ಮುಂದೆ ಗಂಟೆಗಟ್ಟಲೆ ಕೂರುವವರಲ್ಲಿ ಮೂರು ತಿಂಗಳು ದಾಟಿದ ಸೊಂಟನೋವು ಸಾಮಾನ್ಯ. ಅವರಿಗೆಲ್ಲ ಸಿಗುವ ಸಲಹೆ ಒಂದೇ: "ಬೆನ್ನಿಗೆ ಬಲ ಇಲ್ಲ, ಬಲ ಬರಿಸಿ." ಆದರೆ ಅವರು ಪೂರ್ತಿ ಬಗ್ಗಿ ನಿಂತಾಗಲೂ ಬೆನ್ನುಮೂಳೆಯ ಪಕ್ಕದ ಸ್ನಾಯು ಮುಟ್ಟಿದರೆ ಹುರಿ ಹಗ್ಗದ ಹಾಗಿರುತ್ತೆ. ಬಲ ಇಲ್ಲದ್ದು ಹೀಗೇಕೆ ಎಳೆದುಕೊಂಡಿರುತ್ತೆ? ಸರ್ಫೇಸ್ ಇಎಂಜಿ ಯಂತ್ರ (ಚರ್ಮದ ಮೇಲಿಂದಲೇ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವಂಥದ್ದು) ಬಳಸಲು ಅವಕಾಶವಿದೆ. ಅಳೆಯುವಾಗ ಎಲ್ಲಿ ತಪ್ಪಾಗುತ್ತೆ, ವ್ಯಾಯಾಮ ಹೇಗೆ ಬದಲಿಸಬೇಕು, ತಿಳಿದವರು ಹೇಳಿ.

ಉತ್ತರ 1 (ಫಿಸಿಯೊ, ಶಿವಮೊಗ್ಗ)

ಇದು ಫ್ಲೆಕ್ಷನ್-ರಿಲ್ಯಾಕ್ಸೇಷನ್, ಅಂದರೆ ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯು ಸಡಿಲವಾಗುವುದು, ತಪ್ಪಿದ ಲಕ್ಷಣ. ನೋವಿಲ್ಲದವರು ನಿಧಾನಕ್ಕೆ ಬಗ್ಗುವಾಗ ಎರೆಕ್ಟರ್ ಸ್ಪೈನೆ (ಬೆನ್ನುಮೂಳೆಯ ಪಕ್ಕದ ಉದ್ದ) ಸ್ನಾಯು ಬ್ರೇಕ್ ಹಿಡಿದ ಹಾಗೆ ಮೈಭಾರ ತಡೆದು ಇಳಿಸುತ್ತೆ. ಪೂರ್ತಿ ಬಗ್ಗಿದ ಮೇಲೆ ಭಾರ ಲಿಗಮೆಂಟು, ಡಿಸ್ಕು, ಒಳಸ್ನಾಯುಗಳ ಪಾಲಾಗಿ ಅದರ ಸಂಕೇತ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಫ್ಲಾಯ್ಡ್ ಮತ್ತು ಸಿಲ್ವರ್ 1950ರ ದಶಕದಲ್ಲೇ ಇದನ್ನು ದಾಖಲಿಸಿದ್ದರು. ಹಳೇ ನೋವಿರುವ ಬಹಳ ಜನರಲ್ಲಿ ಈ ಮೌನ ಬರಲ್ಲ. ಹೊಸ ನೋವಿದ್ದಾಗ ಬೆನ್ನನ್ನು ಅಲುಗಾಡಗೊಡದೆ ಕಾದ ಮಿದುಳು, ಗಾಯ ಮಾಗಿದ ಮೇಲೂ ಆ ಕಾವಲು ಬಿಟ್ಟಿರಲ್ಲ. ದಿನವಿಡೀ ಸ್ವಲ್ಪಸ್ವಲ್ಪ ಎಳೆದುಕೊಂಡೇ ಇರುವ ಸ್ನಾಯು ಬೇಗ ದಣಿಯುತ್ತೆ. ಹಾಗಾಗಿ ಸೋಲು, ಬಿಗಿ ಎರಡೂ ಒಟ್ಟಿಗೇ ಇರಬಹುದು.

ಅಳತೆಗೆ ಬನ್ನಿ. ಎರಡೂ ಸೊಂಟಮೂಳೆಗಳ ಮೇಲಂಚು ಸೇರಿಸುವ ಗೆರೆ ಸುಮಾರು ಎಲ್4 (ಸೊಂಟಭಾಗದ ನಾಲ್ಕನೇ ಬೆನ್ನುಮೂಳೆ) ಮಟ್ಟ. ಅದಕ್ಕಿಂತ ಒಂದು ಮೂಳೆ ಮೇಲೆ, ನಡುಗೆರೆಯಿಂದ 3 ಸೆಂ.ಮೀ. ಪಕ್ಕಕ್ಕೆ, ಎಲೆಕ್ಟ್ರೋಡ್ ಜೋಡಿಯನ್ನು 2 ಸೆಂ.ಮೀ. ಅಂತರದಲ್ಲಿ ಸ್ನಾಯುವಿನ ಎಳೆಗುಂಟ ಅಂಟಿಸಿ. ಸ್ಪಿರಿಟ್‌ನಲ್ಲಿ ಒರೆಸಿ ಚರ್ಮ ಪೂರ್ತಿ ಆರಲು ಬಿಡಿ. ನಮ್ಮ ಮಳೆಗಾಲದ ತಂಪಿನಲ್ಲಿ ಈ ಹೆಜ್ಜೆಗೇ ಹೆಚ್ಚು ಹೊತ್ತು ಬೇಕು. ಅವಸರ ಮಾಡಿದರೆ ಎಲೆಕ್ಟ್ರೋಡ್ ಜಾರಿ ಬರೀ ಗದ್ದಲ ದಾಖಲಾಗುತ್ತೆ. ಹೃದಯದ ಬಡಿತವೂ ಸೇರಿಕೊಳ್ಳುವುದರಿಂದ 30 ಹರ್ಟ್ಸ್ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸಂಕೇತ ಸೋಸಿಬಿಡುವಂಥದ್ದು) ಇಡಿ. 4 ಸೆಕೆಂಡ್ ಬಗ್ಗುವುದು, 4 ಸೆಕೆಂಡ್ ಹಾಗೇ ನಿಲ್ಲುವುದು, 4 ಸೆಕೆಂಡ್ ಏಳುವುದು, ಹೀಗೆ ಮೂರು ಸಲ. ಒಬ್ಬರ ಮೈಕ್ರೋವೋಲ್ಟನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ, ಚರ್ಮದಡಿಯ ಕೊಬ್ಬೇ ಅಂಕಿ ಬದಲಿಸಿಬಿಡುತ್ತೆ. ಅದೇ ವ್ಯಕ್ತಿ ಬಗ್ಗುವಾಗಿನ ಗರಿಷ್ಠಕ್ಕೂ ಬಗ್ಗಿ ನಿಂತಾಗಿನದಕ್ಕೂ ಇರುವ ಅನುಪಾತ ನೋಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ನೋವಿನ ಭಯಕ್ಕೆ ಅರ್ಧ ಮಾತ್ರ ಬಗ್ಗಿದವರಲ್ಲಿ ಸ್ನಾಯು ಸುಮ್ಮನಾಗುವ ಹಂತವೇ ಬರಲ್ಲ. ಅದನ್ನು ನೋಡಿ "ಬಿಗಿ" ಎಂದು ಬರೆದರೆ ಅಳತೆ ವ್ಯರ್ಥ. ಎಷ್ಟು ಬಗ್ಗಿದರು ಎಂಬುದನ್ನು ಇಂಕ್ಲಿನೋಮೀಟರ್‌ನಲ್ಲಿ (ಬಾಗಿದ ಕೋನ ಅಳೆಯುವ ಸಾಧನ) ಪ್ರತಿ ಸಲ ಬರೆದುಕೊಳ್ಳಲೇಬೇಕು.

ಉತ್ತರ 2 (ಸಾಗರ)

ಮೇಲಿನ ಮಾತಿಗೆ ಒಂದು ಸೇರಿಸಬೇಕು. ಸರ್ಫೇಸ್ ಎಲೆಕ್ಟ್ರೋಡ್‌ಗೆ ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಸ್ನಾಯುವಿನ ಆಳದ ಎಳೆಗಳು ಕೇಳಿಸಲ್ಲ. ಅದಕ್ಕೆ ಸೂಕ್ಷ್ಮ ತಂತಿ ಚುಚ್ಚಬೇಕು, ಇಲ್ಲವೇ ಅಲ್ಟ್ರಾಸೌಂಡ್‌ನಲ್ಲಿ ದಪ್ಪ ನೋಡಬೇಕು. ಮೇಲಿನ ಪದರ ಅತಿಯಾಗಿ ದುಡಿಯುತ್ತಿರುವಾಗಲೇ ಆಳದ್ದು ನೋವಿರುವ ಮೂಳೆಯ ಮಟ್ಟದಲ್ಲಿ ಸಣ್ಣಗಾಗಿರಬಹುದು, ನೋವು ಹೋದ ಮೇಲೂ ತಾನಾಗಿ ತುಂಬಿಕೊಳ್ಳದೇ ಇರಬಹುದು.

ಇದನ್ನೇ ಹಿಡಿದು "ಸದಾ ಹೊಟ್ಟೆ ಬಿಗಿಹಿಡಿದೇ ಕೆಲಸ ಮಾಡಿ" ಎನ್ನುವುದು ದೊಡ್ಡ ತಪ್ಪು. ಮುಂದಿನ ಹಿಂದಿನ ಸ್ನಾಯುಗಳು ಒಟ್ಟಿಗೆ ಎಳೆದರೆ ಬೆನ್ನುಮೂಳೆಯ ಮೇಲೆ ಒತ್ತಡ ಹೆಚ್ಚುತ್ತೆ. ಮೊದಲೇ ಬಿಗಿದುಕೊಂಡವರಿಗೆ ಅದು ಇನ್ನೊಂದು ಹೊರೆ. ಆಳದ ಸ್ನಾಯುವನ್ನೇ ಹುಡುಕಿ ಕಲಿಸುವ ಮೋಟಾರ್ ಕಂಟ್ರೋಲ್ ವ್ಯಾಯಾಮ ಬೇರೆ ವ್ಯಾಯಾಮಗಳಿಗಿಂತ ಸ್ಪಷ್ಟವಾಗಿ ಮೇಲು ಎಂದು ಸಾಬೀತಾಗಿಲ್ಲ, ಅದನ್ನೂ ಹೇಳಿಬಿಡಬೇಕು.

ತೊಡೆಸಂದಿನ ಸುತ್ತ ಜೋಮು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಪಾದ ಎತ್ತಲಾಗದಿರುವುದು, ಜ್ವರದ ಜೊತೆಗಿನ ನೋವು: ಇವಿದ್ದರೆ ವ್ಯಾಯಾಮ, ಇಎಂಜಿ ಎಲ್ಲ ಬಿಟ್ಟು ಅದೇ ದಿನ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಕಳಿಸಿ.

ಉತ್ತರ 3 (ಹೊಸನಗರ)

ಬಿಗಿ ಹೆಚ್ಚಿರುವವರಿಗೆ ಮೊದಲ ಎರಡು ವಾರ ಬಲದ ಮಾತೇ ಬೇಡ. ಅಂಗಾತ ಮಲಗಿ ಮೊಣಕಾಲು ಮಡಚಿ, ಉಸಿರು ಬಿಡುತ್ತಾ ಸೊಂಟವನ್ನು ನೆಲಕ್ಕೆ ಒತ್ತಿ ಬಿಡುವುದು 10 ಸಲ. ಕೈ-ಮೊಣಕಾಲೂರಿ ಬೆನ್ನನ್ನು ಮೇಲೆ ಕೆಳಗೆ ಮಾಡುವುದು 6ರಿಂದ 8 ಸಲ, ಕೊನೆಯ ತುದಿಗೆ ದೂಡದೆ. ಆಮೇಲೆ ಕುರ್ಚಿಯಲ್ಲಿ ಕೂತು ತಲೆ, ಎದೆ, ಸೊಂಟ ಎಂದು ಒಂದೊಂದನ್ನೇ ಇಳಿಬಿಟ್ಟು ಬಗ್ಗಲಿ. ಬಗ್ಗಿದಲ್ಲಿ ಎರಡು ಉಸಿರು ನಿಲ್ಲಿಸಿ, ಬೆನ್ನು ಮೆತ್ತಗಾಯಿತೇ ಎಂದು ಅವರ ಕೈಯನ್ನೇ ಇಡಿಸಿ ನೋಡಿಸಿ. ಯಂತ್ರದ ಪರದೆಗಿಂತ ಇದು ಬೇಗ ಅರ್ಥವಾಗುತ್ತೆ.

ಬಿಗಿ ಇಳಿದ ಮೇಲೆ ಬರ್ಡ್ ಡಾಗ್ ಎನ್ನುವ ವ್ಯಾಯಾಮ. ಕೈ-ಮೊಣಕಾಲೂರಿ, ಒಂದು ಕೈ ಮತ್ತು ಅದರ ಎದುರು ಬದಿಯ ಕಾಲು ಚಾಚಿ 7-8 ಸೆಕೆಂಡ್, 10 ದಾಟಬಾರದು. ದಾಟಿದರೆ ದಣಿವು ಬಂದು ಸೊಂಟ ಒಂದು ಕಡೆ ವಾಲುತ್ತೆ. ಮೊದಲ ಸುತ್ತು 6 ಸಲ, ಆಮೇಲೆ 4, ಆಮೇಲೆ 2. ಜೊತೆಗೆ ನಡಿಗೆ, ನಿಧಾನಕ್ಕೆ ಏರಿಸುತ್ತಾ ವಾರಕ್ಕೆ 5 ದಿನ 30 ನಿಮಿಷದವರೆಗೆ. ನೋವು ಕಡಿಮೆಯಾದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಡಿಗೆಯ ಗುಂಪಿಗೆ ನೋವು ಮರಳಲು ಮಧ್ಯಾಂಕದಲ್ಲಿ 208 ದಿನ ಹಿಡಿದರೆ, ಉಳಿದವರಿಗೆ 112 ದಿನ.

ಪ್ರಶ್ನಿಸಿದವರು

ಉಪಕಾರವಾಯ್ತು. ಸುಲಿಯುವ ಕೆಲಸವನ್ನೇ ನಿಲ್ಲಿಸಲು ಆಗದವರಿಗೆ?

ಉತ್ತರ 3

ಕೂರುವ ಮಣೆ ಎತ್ತರಿಸಿ, ಸೊಂಟ ಮೊಣಕಾಲಿಗಿಂತ ಮೇಲಿರಲಿ. ಕತ್ತಿಯನ್ನೂ ಅಷ್ಟೇ ಏರಿಸಬೇಕು, ಇಲ್ಲದಿದ್ದರೆ ಮತ್ತೆ ಬಗ್ಗಿಯೇ ಸುಲಿಯುತ್ತಾರೆ. ಇನ್ನೊಂದು, 20 ನಿಮಿಷ ಪೂರ್ತಿ ಬಾಗಿ ಕೂತರೆ ಲಿಗಮೆಂಟುಗಳು ಹಿಗ್ಗಿರುತ್ತವೆ. ಎದ್ದ 2 ನಿಮಿಷದಲ್ಲಿ ಅರ್ಧದಷ್ಟು ಸರಿಹೋದರೂ ಉಳಿದರ್ಧಕ್ಕೆ ಅರ್ಧ ಗಂಟೆಯೂ ಸಾಲದು. ಎದ್ದವರೇ ಸುಲಿದ ಅಡಿಕೆಯ ಬುಟ್ಟಿ ಎತ್ತುವುದು ಆ ಹೊತ್ತಲ್ಲೇ. ಬುಟ್ಟಿ ಅರ್ಧ ತುಂಬಿದಾಗಲೇ ಬೇರೆಯವರು ಸಾಗಿಸಲಿ, ಎದ್ದವರು ಅಂಗಳದಲ್ಲಿ ನಾಲ್ಕು ಸುತ್ತು ನಡೆಯಲಿ.