ದೊಡ್ಡಪ್ಪನ ವಾಲ್ವ್ ವಿಷಯ, ಪೂರ್ತಿ ಓದಿ

ಗೀತಕ್ಕ, ದೊಡ್ಡಪ್ಪನ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು) ಕಿರಿದಾಗಿದೆ, ಎದೆ ಕೊಯ್ಯದೆ ತೊಡೆಯ ಮೂಲಕ ಹೊಸದು ಹಾಕುತ್ತಾರಂತೆ, 79ನೇ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ಕೇಳಿದ್ದೀಯ. ಮಾಡಿಸಿ ಅಂತಲೇ ನಾನು ಹೇಳುವುದು. ಟಾವಿ ಅನ್ನುವ ಈ ವಿಧಾನ ಶುರುವಾಗಿದ್ದೇ ಎದೆ ತೆರೆದು ಆಪರೇಷನ್ ಮಾಡಲು ಆಗದವರಿಗಾಗಿ. 2002ರಲ್ಲಿ ಫ್ರಾನ್ಸಿನಲ್ಲಿ ಕ್ರಿಬಿಯರ್ ಅನ್ನುವ ಡಾಕ್ಟರು ಮೊದಲ ಸಲ ಮಾಡಿದ್ದು ಸರ್ಜನ್‌ಗಳು ಕೈಬಿಟ್ಟಿದ್ದ ರೋಗಿಗೆ.

ಚಿಕ್ಕಪ್ಪ, ನೀವು "ವಯಸ್ಸಾದ ಮೇಲೆ ಏದುಸಿರು ಬರದೆ ಇರುತ್ತಾ" ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ವಾಲ್ವ್‌ಗೆ ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾದಾಗ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ಎದೆ ನೋವು, ತಲೆ ಸುತ್ತಿ ಬೀಳುವುದು ಇವೇ ಲಕ್ಷಣ. ಕಾಯಿಲೆ ಜೋರಾಗಿದ್ದು ಇವು ಶುರುವಾದ ಮೇಲೂ ಸುಮ್ನೆ ಬಿಟ್ಟರೆ ಸುಮಾರು ಅರ್ಧ ಜನ ಎರಡು ವರ್ಷ ದಾಟುವುದಿಲ್ಲ. ಗಟ್ಟಿಯಾದ ವಾಲ್ವನ್ನು ಸರಿಮಾಡುವ ಮಾತ್ರೆ ಯಾವುದೂ ಇಲ್ಲ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಲ್ಲಿ ಮೀನ್ ಗ್ರೇಡಿಯೆಂಟ್, ಅಂದರೆ ವಾಲ್ವಿನ ಎರಡು ಬದಿಯ ಒತ್ತಡದ ಸರಾಸರಿ ವ್ಯತ್ಯಾಸ, 40 mmHg ಅಥವಾ ಜಾಸ್ತಿ ಇದ್ದರೆ ಕಾಯಿಲೆ ಜೋರಾಗಿದೆ ಅಂತ. ಗೀತಕ್ಕ, ಅದೊಂದನ್ನು ನೋಡಿ ಹೇಳು.

ಮಾಡುವುದು ಹೇಗೆ ಅಂದರೆ, ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಮಡಚಿಟ್ಟ ವಾಲ್ವನ್ನು ಹೃದಯದವರೆಗೂ ತೆಗೆದುಕೊಂಡು ಹೋಗಿ ಅಲ್ಲೇ ಬಿಚ್ಚುತ್ತಾರೆ, ಹಳೆಯದನ್ನು ಕೀಳುವುದಿಲ್ಲ, ಬದಿಗೆ ಒತ್ತಿಬಿಡುತ್ತಾರೆ. ಈ ವಾಲ್ವ್ ಹಸು ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ್ದು. ದೊಡ್ಡಮ್ಮನಿಗೆ ಇದನ್ನು ಮೊದಲೇ ಹೇಳಿಬಿಡು ಮಾರಾಯ್ತಿ, ಆಮೇಲೆ ಗೊತ್ತಾದರೆ ಮನೆಯಲ್ಲಿ ರಾಮಾಯಣ!

ಹಾಗಂತ ಎಲ್ಲರಿಗೂ ಇದೇ ಅಲ್ಲ. ಅಮೆರಿಕದ ಡಾಕ್ಟರುಗಳ ನಿಯಮದಲ್ಲಿ 65ರ ಒಳಗಿನವರಿಗೆ ಸಾಮಾನ್ಯವಾಗಿ ಸರ್ಜರಿ, 80 ದಾಟಿದವರಿಗೆ ಟಾವಿ, ನಡುವಿನವರಿಗೆ ಎರಡರಲ್ಲಿ ಯಾವುದಾದರೂ ಆಗುತ್ತೆ. ಚಿಕ್ಕವರಿಗೆ ಯಾಕೆ ಬೇಡ ಅಂದರೆ ಇಂಥ ವಾಲ್ವ್ ವರ್ಷ ಕಳೆದಂತೆ ಸವೆಯುತ್ತದೆ. ಅತ್ತಿಗೆ, ನಿಮ್ಮ ವಾಲ್ವಿನದು ಬೇರೆ ಕಥೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ (ಗಂಟಲು ಸೋಂಕಿನ ನಂತರ ಬಂದು ಹೃದಯಕ್ಕೂ ತಗಲುವ ಜ್ವರ) ಕಿರಿದಾಗಿರುವುದು ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು, ಅದಕ್ಕೆ ಬಲೂನ್ ಹಾಕಿ ಹಿಗ್ಗಿಸಿದರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಜಯದೇವದಲ್ಲಿ ಅದು ದಿನನಿತ್ಯದ ಕೆಲಸ.

ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಸ್ಟ್ರೋಕ್ ಆಗಬಹುದು, ಕೆಲವರಿಗೆ ಆಮೇಲೆ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಿಡುವ ಸಣ್ಣ ಯಂತ್ರ) ಬೇಕಾಗುತ್ತದೆ. ಕಾಲಿನ ರಕ್ತನಾಳ ಅಗಲ ಇದೆಯಾ ಅಂತ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ಅದು ಬಂದ ಮೇಲೇ ಗಟ್ಟಿ ಮಾತು. ಅಷ್ಟರಲ್ಲಿ ದೊಡ್ಡಪ್ಪನ ಆ ಹುಳುಕು ಹಲ್ಲು ತೋರಿಸಿಬಿಡಿ. ಬಾಯಿಯ ಸೋಂಕು ರಕ್ತಕ್ಕೆ ಇಳಿದು ಹೊಸ ವಾಲ್ವ್ ಮೇಲೆ ಕೂತರೆ ತುಂಬಾ ಕಷ್ಟ. ಹಲ್ಲಿನ ಡಾಕ್ಟರಿಗೆ ಹೃದಯದ ವಿಷಯ ಮೊದಲೇ ಹೇಳಿ, ಮರೀಬೇಡಿ.