ಬೊಜ್ಜಿರುವವರು ಬಾದಾಮಿ, ಶೇಂಗಾ ತಿಂದರೆ ಮೈ ಇನ್ನೂ ಬರುತ್ತದೆಯೇ?

ಪ್ರಶ್ನೆ

ನನಗೆ 44 ವರ್ಷ, ಎತ್ತರ 165 ಸೆಂ.ಮೀ., ತೂಕ 86 ಕೆ.ಜಿ. ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 240, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 36 ಬಂದಿದೆ, ಸಕ್ಕರೆ ಗಡಿಯಲ್ಲಿದೆ. ದಿನಕ್ಕೊಂದು ಹಿಡಿ ಬಾದಾಮಿ ಅಥವಾ ಶೇಂಗಾ ತಿನ್ನಿ ಎಂದು ವೈದ್ಯರು ಹೇಳಿದರು. ಆದರೆ ಅಷ್ಟು ಎಣ್ಣೆಯಂಶ ಇರುವುದನ್ನು ತಿಂದರೆ ಮೈ ಇನ್ನೂ ಬರುತ್ತದೆಂದು ಅಮ್ಮ ಡಬ್ಬಿಯನ್ನೇ ಅಟ್ಟಕ್ಕೆ ಎತ್ತಿಟ್ಟಿದ್ದಾರೆ. 100 ಗ್ರಾಂ ಬಾದಾಮಿಯಲ್ಲಿ ಸುಮಾರು 580 ಕ್ಯಾಲೊರಿ ಇದೆಯೆಂದು ಓದಿದ ಮೇಲೆ ನನಗೂ ಅಳುಕು ಹುಟ್ಟಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ನಾನು ಆಹಾರ ಸಲಹೆಗಾರ್ತಿ. ನಿಮ್ಮ ತಾಯಿಯವರ ಆತಂಕ ಸಹಜವಾದದ್ದೇ, ಆದರೆ ಡಬ್ಬಿಯ ಮೇಲೆ ಬರೆದಿರುವ ಕ್ಯಾಲೊರಿಯೆಲ್ಲ ಮೈಗೆ ಹತ್ತುವುದಿಲ್ಲ. ಬಾದಾಮಿಯ ಕೊಬ್ಬು ಗಟ್ಟಿಯಾದ ಕೋಶಭಿತ್ತಿಗಳ ಒಳಗಿರುತ್ತದೆ. ಅಗಿದಾಗ ಒಡೆಯದೆ ಉಳಿದ ಕೋಶಗಳ ಕೊಬ್ಬು ಜೀರ್ಣವಾಗದೆ ಮಲದೊಂದಿಗೆ ಹೊರಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ದಕ್ಕುವುದು ಸುಮಾರು 129 ಕ್ಯಾಲೊರಿ, ಲೆಕ್ಕದಲ್ಲಿರುವ 170 ಅಲ್ಲ. ಜೊತೆಗೆ ನಾರು, ಪ್ರೋಟೀನ್ ಇರುವುದರಿಂದ ಮುಂದಿನ ಊಟದವರೆಗೆ ಹೊಟ್ಟೆ ತುಂಬಿದಂತಿರುತ್ತದೆ.

ನಮ್ಮವರ ಮೇಲೆಯೇ ನಡೆದ ಪ್ರಯೋಗವೂ ಇದೆ. ಚೆನ್ನೈಯಲ್ಲಿ ಅಧಿಕ ತೂಕ ಮತ್ತು ಬೊಜ್ಜಿದ್ದ 400 ಜನರಲ್ಲಿ ಒಂದು ಗುಂಪು 12 ವಾರ ದಿನಕ್ಕೆ 43 ಗ್ರಾಂ ಬಾದಾಮಿ ತಿಂದಾಗ, ಇನ್ಸುಲಿನ್ ಪ್ರತಿರೋಧವೂ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಒಟ್ಟು ಕೊಲೆಸ್ಟ್ರಾಲೂ ತಗ್ಗಿದವೆಂದು 2023ರಲ್ಲಿ ವರದಿಯಾಯಿತು. ಹಣ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಬಾದಾಮಿ ಮಂಡಳಿ, ಆದ್ದರಿಂದ ಸ್ವಲ್ಪ ಎಚ್ಚರದಿಂದ ಓದಬೇಕು. ಆದರೂ ನಾನು ಒತ್ತಿ ಹೇಳುವುದು ಒಂದೇ: ಬಾದಾಮಿಯನ್ನು ಸಂಜೆಯ ಖಾರಾ ಮಿಕ್ಸ್ಚರ್, ಬಿಸ್ಕತ್ತುಗಳ ಬದಲಿಗೆ ತಿನ್ನಬೇಕು, ಅವುಗಳ ಜೊತೆಗಲ್ಲ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಉತ್ತರ 2

ನಮ್ಮದು ಚಳ್ಳಕೆರೆ ಕಡೆಯ ಶೇಂಗಾ ಬೆಳೆಯುವ ಮನೆ. ಬಾದಾಮಿಯ ಬೆಲೆ ಕೈಗೆಟುಕದವರು ಚಿಂತಿಸಬೇಕಾಗಿಲ್ಲ. ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ಅವರೆ, ತೊಗರಿಗಳ ಬಳಗಕ್ಕೆ ಸೇರಿದ್ದಾದರೂ ಅದರ ಕೊಬ್ಬಿನ ಬಹುಪಾಲು ಬಾದಾಮಿಯಲ್ಲಿರುವಂತೆಯೇ ಅಪರ್ಯಾಪ್ತ ಕೊಬ್ಬು (ಹೃದಯಕ್ಕೆ ಹಿತವಾದ ಬಗೆ), ಮತ್ತು 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಕೆಡುವುದು ನಾವು ತಿನ್ನುವ ರೀತಿಯಲ್ಲಿ: ಎಣ್ಣೆಯಲ್ಲಿ ಕರಿದು ಉಪ್ಪು ಖಾರ ಹಚ್ಚಿದ್ದು, ಬೆಲ್ಲದ ಚಿಕ್ಕಿ, ಶೇಂಗಾ ಹೋಳಿಗೆ ಇವೆಲ್ಲ ಬೇರೆಯೇ ಲೆಕ್ಕ. ಸಿಪ್ಪೆಸಹಿತ ಬೇಯಿಸಿದ್ದು ಅಥವಾ ಬಾಣಲೆಯಲ್ಲಿ ಒಣಗೆ ಹುರಿದದ್ದು ಒಳ್ಳೆಯದು. ಮುರುಟಿದ, ಬೂಷ್ಟು ಹಿಡಿದ, ಕಹಿ ರುಚಿಯ ಬೀಜಗಳನ್ನು ಮಾತ್ರ ಮರುಯೋಚಿಸದೆ ಎಸೆಯಿರಿ. ಆ ಬೂಷ್ಟಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು.

ಉತ್ತರ 3

ಒಂದು ಹಿಡಿ ಎಂಬ ಅಳತೆಯನ್ನು ನಂಬಬೇಡಿ. ನನ್ನ ಹಿಡಿಯನ್ನು ಅಡುಗೆಮನೆಯ ತಕ್ಕಡಿಗೆ ಹಾಕಿ ನೋಡಿದಾಗ 55 ಗ್ರಾಂ ತೂಗಿತು, ಅಂದರೆ ಬೇಕಾದದ್ದರ ಹೆಚ್ಚುಕಡಿಮೆ ಎರಡರಷ್ಟು. ಈಗ ಪ್ರತಿ ಭಾನುವಾರ 30 ಗ್ರಾಂನಂತೆ ಏಳು ಪುಟ್ಟ ಡಬ್ಬಿಗಳಿಗೆ ತುಂಬಿಟ್ಟು, ದಿನಕ್ಕೊಂದನ್ನು ಕಚೇರಿಗೆ ಒಯ್ಯುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಮೊದಲ ಉತ್ತರವನ್ನು ಓದಿ ಹೇಳಿದೆ. ಡಬ್ಬಿ ಕೆಳಗಿಳಿದಿದೆ, ಆದರೆ ಸಂಜೆಯ ಮಿಕ್ಸ್ಚರ್ ಡಬ್ಬಿಯನ್ನು ಅದೇ ಅಟ್ಟಕ್ಕೆ ಏರಿಸಿದ್ದಾರೆ.